ಭೀಮರಾಯನಗುಡಿಯ ಉಳ್ಳಾಗಡ್ಡಿ

ಭೀಮರಾಯನಗುಡಿಗೆ ಬಂದ ದಿನ ಬಾಡಿಗೆ ಮನೆಯ ಯಜಮಾನರು ನನ್ನ ಹೆಸರು ಕೇಳಲೇ ಇಲ್ಲ. "ನೀವು ಯಾ ಮಂದಿರಿ?" ಎಂದರು. ಜಾತಿ ಯಾವುದು ಎಂದರ್ಥ. ನಮ್ಮ ಮೈಸೂರಿನಲ್ಲೂ ಕೇಳುತ್ತಾರೆ, ಆದರೆ ಕಾಫಿ ಕೊಟ್ಟು, ಊರುಕೇರಿ ವಿಚಾರಿಸಿ, ಸುತ್ತಿ ಬಳಸಿ. ಇಲ್ಲಿನ ಕಾಲೇಜಿನಲ್ಲಿ ಜೀವಿಗಳ ವರ್ಗೀಕರಣ ಕಲಿಸಲು ಬಂದ ಮೇಷ್ಟ್ರು ನಾನು, ತೆಪ್ಪಗೆ ಉತ್ತರ ಕೊಟ್ಟು ಬೀಗದ ಕೈ ಇಸಿದುಕೊಂಡೆ.

ಕಾಲುವೆ ಬಂದ ಮೇಲೆ ಸುತ್ತೆಲ್ಲ ಭತ್ತ. ಆದರೂ ಊಟಕ್ಕೆ ಜೋಳದ ರೊಟ್ಟಿಯೇ, ಜೊತೆಗೆ ಹಸಿ ಉಳ್ಳಾಗಡ್ಡಿ, ಅಂದರೆ ನಮ್ಮ ಈರುಳ್ಳಿ. ಸಂಜೆ ಕಾಲುವೆ ದಂಡೆಯ ಮೇಲೆ ಒಬ್ಬನೇ ನಡೆಯುತ್ತಿದ್ದೆ. ನನ್ನೊಡನೆ ಮಾತಾಡುತ್ತಿದ್ದವರು ಕಾಲೇಜಿನ ಪ್ರಯೋಗಾಲಯ ಗುಡಿಸುವ, ಹತ್ತಿರದ ಗೋಗಿ ಊರಿನ ಶಾಂತಾಬಾಯಿ ಒಬ್ಬರೇ. ಈರುಳ್ಳಿಯ ಜೀವಕೋಶದಲ್ಲಿ ಮನುಷ್ಯನದಕ್ಕಿಂತ ಸುಮಾರು ಐದು ಪಟ್ಟು ಡಿಎನ್‌ಎ ಇದೆ ಎಂದಾಗ ಅವರು ಕಸ ಗುಡಿಸುವುದನ್ನೇ ನಿಲ್ಲಿಸಿದರು.

"ಅಂದ್ರ ಉಳ್ಳಾಗಡ್ಡಿ ನಮಗಿಂತ ದೊಡ್ಡದೇನ್ರಿ ಸರ?"

"ಹಾಗಲ್ಲ. ಕೆಲವು ತುಣುಕುಗಳು ಯುಗಯುಗದಿಂದ ತಮ್ಮನ್ನೇ ನಕಲು ಮಾಡಿಕೊಂಡು ಅದರಲ್ಲಿ ತುಂಬಿವೆ. ಡಿಎನ್‌ಎ ಎಷ್ಟಿದೆ ಅಂತ ನೋಡಿ ಯಾರನ್ನೂ ಮೇಲು ಕೀಳು ಅನ್ನೋಕಾಗಲ್ಲ."

"ಇದನ್ನ ಊರಾಗ ಹೇಳ್ರಿ," ಎಂದು ನಕ್ಕರು.

ಒಂದು ಮಧ್ಯಾಹ್ನ ಅವರು ಬುತ್ತಿ ಬಿಚ್ಚಿ, ಪಾಠ ಮುಗಿದು ಟ್ರೇಯಲ್ಲಿ ಉಳಿದಿದ್ದ ಈರುಳ್ಳಿ ಗಡ್ಡೆಯೊಂದನ್ನು ಎತ್ತಿಕೊಂಡರು. ಜೀವಕೋಶ ಒಡೆಯುವುದನ್ನು ತಡೆದು ತೋರಿಸಲು ಅದರ ಬೇರನ್ನು ವಿಷದ ದ್ರಾವಣದಲ್ಲಿ ಇಟ್ಟಿದ್ದೆವು. ಗಾಬರಿಯಿಂದ ಅವರ ಕೈಯಿಂದ ಕಿತ್ತುಕೊಂಡೆ. ಅಭ್ಯಾಸಬಲದಿಂದ ಓಡಿಹೋಗಿ ಸೋಪು ಹಚ್ಚಿ ಕೈ ತೊಳೆದೆ. ತಿರುಗಿ ನೋಡಿದರೆ ಅವರು ಬುತ್ತಿ ಕಟ್ಟಿಕೊಂಡು ಹೋಗಿಯಾಗಿತ್ತು. ಆಮೇಲೆ ಎರಡು ವಾರ "ಹೌದ್ರಿ", "ಇಲ್ರಿ", ಅಷ್ಟೇ. ಏನು ತಿಳಿದುಕೊಂಡಿದ್ದಾರೆಂದು ನನಗೆ ಹೊಳೆಯುವುದು ತಡವಾಯಿತು. ಅಂಥ ಒಂಟಿತನ ಹಿಂದೆಂದೂ ಕಂಡಿರಲಿಲ್ಲ.

ಭಾನುವಾರ ಗೋಗಿಗೆ ಆಟೊ ಹತ್ತಿದೆ. ಬುದ್ಧನ ಪಟ ತೂಗುಹಾಕಿದ್ದ ಅವರ ಮನೆಯ ಪಡಸಾಲೆಯಲ್ಲಿ ನಿಂತೇ ಹೇಳಿದೆ: "ಅದರಲ್ಲಿ ವಿಷ ಇತ್ತು, ಶಾಂತಾಬಾಯಿ. ಬಾಯಿಬಿಟ್ಟು ಹೇಳದೆ ಕಿತ್ತುಕೊಂಡೆ. ತಪ್ಪಾಯ್ತು."

"ನಾ ಮುಟ್ಟಿದ್ದಕ್ಕ ಕೈ ತೊಳಕೊಂಡ್ರಿ ಅಂತ ತಿಳದಿದ್ದೆ. ಎಷ್ಟ ಅತ್ತೀನಿ ಗೊತ್ತೇನ್ರಿ?" ಎಂದವರು ಚಾಪೆ ಹಾಸಿ, "ಕುಂದರ್ರಿ, ರೊಟ್ಟಿ ಬಡಿತೀನಿ," ಎಂದರು.

ಹೊಟ್ಟೆ ತುಂಬ ಉಂಡೆ. ಮನೆಯವರೆಲ್ಲ ತಂತಮ್ಮ ತಟ್ಟೆ ತೊಳೆದಿಟ್ಟರು. ನಾನೂ ಎದ್ದೆ. ಶಾಂತಾಬಾಯಿ ತಟ್ಟೆ ಕಸಿದುಕೊಂಡರು. "ಬಿಡ್ರಿ ಸರ, ಮನಿಗೆ ಬಂದವರು ತೊಳಿಬಾರದು."

ಹಬ್ಬಕ್ಕೆ ಮೈಸೂರಿಗೆ ಹೋದಾಗ, ಚಿಕ್ಕಂದಿನ ರೂಢಿಯಂತೆ ಉಂಡ ತಟ್ಟೆ ಹಿಡಿದು ಬಚ್ಚಲಿಗೆ ನಡೆದೆ. ಅಮ್ಮ ಕೈಯಿಂದ ತೆಗೆದುಕೊಂಡಳು.

"ಬಿಡಪ್ಪ, ನಾಲ್ಕು ದಿನ ಇದ್ದು ಹೋಗೋನು ನೀನು."