ಚೀಲದಲ್ಲಿ ಬಂದ ಹೊಲ

ತವರಿಗೆ ಹೋಗಿಬರುವ ಹೆಂಗಸರು ಸೀರೆ ತರುತ್ತಾರೆ, ಸಂಡಿಗೆ ತರುತ್ತಾರೆ, ಏನೂ ಸಿಗದಿದ್ದರೆ ತಮ್ಮನ ಹೆಂಡತಿಯ ಮೇಲೆ ನಾಲ್ಕು ಚಾಡಿಯನ್ನಾದರೂ ಹೊತ್ತು ತರುತ್ತಾರೆ. ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನ ಅಮ್ಮಾಜಮ್ಮ ಮಣ್ಣು ತರುತ್ತಿದ್ದಳು. ಬೂದಿಕೋಟೆ ಪಕ್ಕದ ತವರಿನ ಹೊಲದಲ್ಲಿ ಸಿಮೆಂಟಿನ ಖಾಲಿ ಚೀಲಕ್ಕೆ ಮಣ್ಣು ತುಂಬಿ, ಬಂಗಾರಪೇಟೆಯಲ್ಲಿ ಬಸ್ಸು ಬದಲಿಸಿ, ಸೊಂಟ ಹಿಡಿದುಕೊಂಡು ಮನೆ ಮುಟ್ಟುತ್ತಿದ್ದಳು.

"ಏನಮ್ಮಾ ಇದು, ರಾಗಿನಾ?" ಎಂದು ಕಂಡಕ್ಟರು ಚೀಲವನ್ನು ಕಾಲಲ್ಲಿ ತಳ್ಳಿ ಕೇಳುತ್ತಿದ್ದ.

"ಮಣ್ಣು ಕಣಪ್ಪಾ."

"ಯಾಕೆ, ನಿಮ್ಮೂರಾಗೆ ಮಣ್ಣಿಲ್ವಾ?"

"ಕಲ್ಲೈತೆ. ಧೂಳೈತೆ. ಮಣ್ಣಿಲ್ಲ."

ಬಸ್ಸಿನವರೆಲ್ಲ ನಗುತ್ತಿದ್ದರು. ಕಂಡಕ್ಟರೂ ನಗುತ್ತಲೇ ಲಗೇಜು ಟಿಕೆಟು ಹರಿದು ಕೊಡುತ್ತಿದ್ದ. ಅವಳು ಸುಳ್ಳೇನೂ ಹೇಳಿರಲಿಲ್ಲ. ಗಂಡ ಮುನಿಸ್ವಾಮಪ್ಪ ಚಿನ್ನದ ಗಣಿಯೊಳಗೆ ಇಳಿಯುತ್ತಿದ್ದ ಕಾಲದಲ್ಲಿ ಕಂಪನಿ ಕೊಟ್ಟ ಲೈನ್ ಮನೆ ಅದು. ಪಕ್ಕದಲ್ಲಿ ನಾಲ್ಕು ಮಂಚ ಹಾಕುವಷ್ಟು ಖಾಲಿ ಜಾಗ. ಹಾರೆ ಹಾಕಿದರೆ ಠಣ್ ಎನ್ನುವ ಕಪ್ಪು ಬಂಡೆ. ಬೇಸಿಗೆಯಲ್ಲಿ ಗಾಳಿ ಎದ್ದರೆ, ಚಿನ್ನ ತೆಗೆದು ಸುರಿದ ಪುಡಿಯ ಸೈನೈಡ್ ದಿಬ್ಬದ ಧೂಳು ಒಣಹಾಕಿದ ಬಟ್ಟೆಯ ಮೇಲೂ ಉಣ್ಣುವ ತಟ್ಟೆಯ ಮೇಲೂ ಬಂದು ಕೂರುತ್ತಿತ್ತು. ಆ ಜಾಗವೂ ಅವರ ಹೆಸರಿನಲ್ಲಿಲ್ಲ, ಏಳಿ ಎಂದರೆ ಏಳಬೇಕು. ಗಣಿ ಮುಚ್ಚಿತು. ಮುನಿಸ್ವಾಮಪ್ಪ ಎದೆತುಂಬ ಕಲ್ಲಿನ ಧೂಳು ತುಂಬಿಕೊಂಡು, ಕೆಮ್ಮುತ್ತ ಮಂಚ ಹಿಡಿದ. ಅಮ್ಮಾಜಮ್ಮ ಗುದ್ದಲಿ ಹಿಡಿದಳು.

ದಿಬ್ಬದ ಧೂಳು ತಡೆಯಲು ಆ ಕಡೆಗೆ ಅಗಸೆ ಮತ್ತು ನುಗ್ಗೆಯ ಸಾಲು ಹಾಕಿದಳು. ಬಂಡೆಯ ಮೇಲೆ ಕಲ್ಲಿನ ಅಂಚು ಕಟ್ಟಿ, ತಳಕ್ಕೆ ತರಗು, ಅದರ ಮೇಲೆ ಸಗಣಿ, ಅದರ ಮೇಲೆ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಬಿಸಾಡಿದ ಕೋಸಿನ ಎಲೆ, ಎಲ್ಲಕ್ಕೂ ಮೇಲೆ ತವರಿನ ಮಣ್ಣು. ಬಚ್ಚಲ ನೀರು ಬಾಳೆಗೆ, ಬಾಳೆ ಕುಡಿದು ಬಿಟ್ಟದ್ದು ಕೆಸುವಿಗೆ. ಅವರೆ ಬಳ್ಳಿ ಶೀಟಿನ ಮೇಲೆ ಹಬ್ಬಿತು. ದಂಟು, ಬಸಳೆ, ಬದನೆ, ಮೂಲೆಯಲ್ಲಿ ಗೂಡು ಕಟ್ಟಿ ನಾಲ್ಕು ಕೋಳಿ. ಇದಕ್ಕೆಲ್ಲ ಈಗ ಇಂಗ್ಲಿಷಿನಲ್ಲಿ ದೊಡ್ಡ ಹೆಸರಿದೆಯಂತೆ, ಪರ್ಮಾಕಲ್ಚರ್ ಅಂತೆ. ಅಮ್ಮಾಜಮ್ಮನ ಬಾಯಲ್ಲಿ ಅದು 'ಹೊಲ'. "ಒಲಕ್ಕೆ ಓಗಿ ಬತ್ತೀನಿ" ಎಂದು ಗಂಡನಿಗೆ ಹೇಳಿ, ಹೊಸಿಲು ದಾಟಿದರೆ ಹೊಲ.

"ನಾನು ಭೂಮಿಯಿಂದ ಕಲ್ಲು ಎತ್ತಿ ಎತ್ತಿ ಎದೆ ಕೆಡಿಸ್ಕೊಂಡೆ. ನೀನು ಮಣ್ಣು ಒತ್ತು ಸೊಂಟ ಕೆಡಿಸ್ಕೋ. ಜೋಡಿ ಸರಿಯಾಗ್ತದೆ," ಎಂದು ಮುನಿಸ್ವಾಮಪ್ಪ ಮಂಚದಲ್ಲೇ ನಗುತ್ತಿದ್ದ. ನಗು ಕೆಮ್ಮಿಗೆ ತಿರುಗಿದರೆ ಇವಳೇ ಎದ್ದು ನೀರು ಕೊಡಬೇಕು.

ಬೇರೆ ಕಡೆಯ ಮಣ್ಣು ಸಿಗುತ್ತಿರಲಿಲ್ಲವೆಂದಲ್ಲ, ಆದರೆ ತವರಿನ ಮಣ್ಣೇ ಬೇರೆ. ಅಪ್ಪ ಪ್ರತಿ ಬೇಸಿಗೆಯಲ್ಲಿ ಗಾಡಿ ಕಟ್ಟಿ ಕೆರೆಯ ಗೋಡು ಹೊಡೆದು, ಆ ಹೂಳನ್ನು ಹೊಲಕ್ಕೆ ಹರಡಿ, ಹರಡಿ, ಮಣ್ಣನ್ನು ಬೆಣ್ಣೆ ಮಾಡಿಟ್ಟಿದ್ದ. ಗಾಡಿಯ ಹಿಂದೆ ಬುಟ್ಟಿ ಹಿಡಿದು ಓಡಿದವಳು ಅಮ್ಮಾಜಮ್ಮ. ತಮ್ಮ ಗಿರಿ ಆಗ ತೊಟ್ಟಿಲಲ್ಲಿದ್ದ. ಅಪ್ಪ ಇರುವ ತನಕ ಚೀಲಕ್ಕೆ ಯಾರೂ ಬೇಡ ಅನ್ನಲಿಲ್ಲ. ಅಪ್ಪ ಹೋದ ಮೇಲೆ ಗಿರಿಯ ಹೆಂಡತಿ ರಾಧ ಒಂದು ದಿನ ಹೊಲದ ಬದುವಿನಲ್ಲೇ ನಿಂತು ಅಂದುಬಿಟ್ಟಳು:

"ಎಣ್ಮಕ್ಳು ತವರಿಂದ ಮಣ್ಣು ಒತ್ಕೊಂಡೋದ್ರೆ ಮನೆ ಲಕ್ಷ್ಮಿ ಅವ್ರ ಇಂದೇನೇ ಓಗ್ತಾಳಂತೆ ಅತ್ತಿಗೆ. ನಾನಲ್ಲ, ದೊಡ್ಡೋರು ಏಳೋದು."

ಅಮ್ಮಾಜಮ್ಮ ಚೀಲವನ್ನು ಅಲ್ಲೇ ಸುರಿದು ಬಂದಳು. ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡಳು.

ಸ್ವಲ್ಪ ದಿನಕ್ಕೆ ಗಿರಿಯೇ ಬಂದ. ಅಕ್ಕಾ ಅಕ್ಕಾ ಎಂದು ಬೆಣ್ಣೆಯಂಥ ಮಾತು. ಅಪ್ಪನ ನಾಲ್ಕು ಎಕರೆಗೆ ಮಕ್ಕಳು ಇಬ್ಬರೇ. ತನ್ನ ಅರ್ಧದ ಹಕ್ಕು ಬಿಟ್ಟೆನೆಂದು ಅಕ್ಕ ಒಂದು ಸಹಿ ಹಾಕಬೇಕು, ಅಷ್ಟೇ. ಹಾಕದೆ ಕೋರ್ಟು ಹತ್ತಿದವರ ಗತಿ ಏನಾಗುತ್ತದೆಂದು ಅಮ್ಮಾಜಮ್ಮನಿಗೆ ಗೊತ್ತಿತ್ತು. ಚಿಕ್ಕಪ್ಪನ ಮಗಳು ಮುನಿರತ್ನಮ್ಮ ಪಾಲು ಕೇಳಿ ಗೆದ್ದಳು. ಗೆದ್ದು, ಮಗಳ ಮದುವೆಯಲ್ಲಿ ಸೋದರಮಾವನ ಸೀರೆ ಕೊಡಲು ಒಬ್ಬನೂ ಬಾರದೆ ಚಪ್ಪರದಲ್ಲೇ ಅತ್ತಳು. ಭೂಮಿ ಕೇಳಿದರೆ ತವರು ಹೋಯಿತು, ತವರು ಬೇಕೆಂದರೆ ಭೂಮಿ ಬಿಡಬೇಕು. ನಮ್ಮ ಕಡೆ ಹೆಣ್ಣಿಗೆ ಇಟ್ಟಿರುವ ನ್ಯಾಯ ಇದು. ಕಾನೂನು ಬೇರೆ ಏನೋ ಹೇಳುತ್ತದೆ, ಹೇಳಲಿ, ಗೌರಿ ಹಬ್ಬಕ್ಕೆ ಬಾಗಿನ ಹೊತ್ತು ಕಾನೂನು ಬರುತ್ತದೆಯೇ?

"ಬ್ಯಾಡ ಅಮ್ಮಾಜಿ," ಎಂದು ಮುನಿಸ್ವಾಮಪ್ಪ ಅಂದ. "ಕೇಳ್ಬೇಡ, ಆದ್ರೆ ಬರ್ದೂ ಕೊಡ್ಬೇಡ. ಸುಮ್ಕಿರು."

ಗಂಡನ ಮಾತನ್ನು ಅವಳು ಕೇಳಲಿಲ್ಲ. ಬಂಗಾರಪೇಟೆಯ ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿದಳು. ಗಿರಿ ಮಸಾಲೆ ದೋಸೆ ಕೊಡಿಸಿದ, ಅರಿಶಿನ ಕುಂಕುಮವಿಟ್ಟು ಒಂದು ಸೀರೆ ಕೊಟ್ಟ. "ತವರಿನ ಬಾಗ್ಲು ನಿಂಗೆ ಯಾವತ್ತೂ ತೆಗ್ದೇ ಇರ್ತದೆ ಅಕ್ಕಾ. ಮಣ್ಣು ಎಷ್ಟು ಬೇಕೋ ಒತ್ಕೊಂಡೋಗು, ರಾಧಂಗೆ ನಾನು ಏಳ್ತೀನಿ," ಎಂದ. ಎರಡು ಎಕರೆ ಕೊಟ್ಟು ಚೀಲದ ಮಣ್ಣಿಗೆ ಅಪ್ಪಣೆ ಪಡೆದು, ಈ ಪುಣ್ಯಾತ್ಗಿತ್ತಿ ಸಂತೋಷದಿಂದ ಮನೆಗೆ ಬಂದಳು. ಹೇಳಿ ಏನು ಪ್ರಯೋಜನ!

ಎರಡು ವರ್ಷ ಚೀಲಗಳು ಬಂದವು. ಆಮೇಲೊಂದು ಸಲ ಬಸ್ಸಿಳಿದು ಹೋಗಿ ನೋಡಿದರೆ ಹೊಲದಲ್ಲಿ ಜೆಸಿಬಿ ನಿಂತಿತ್ತು. ಹೊಲ ಲೇಔಟಾಗಿತ್ತು. ಸೈಟುಗಳಿಗೆ ಸುಣ್ಣದ ಗೆರೆ ಎಳೆದಿದ್ದರು. ಅಪ್ಪ ಆಯಸ್ಸೆಲ್ಲ ಕೂಡಿಸಿದ್ದ ಮೇಲ್ಮಣ್ಣನ್ನು ಕೆರೆದು ಟಿಪ್ಪರಿಗೆ ತುಂಬಿ ಇಟ್ಟಿಗೆ ಗೂಡಿಗೆ ಸಾಗಿಸುತ್ತಿದ್ದರು. ಗಿರಿ ಬಂಗಾರಪೇಟೆಯಲ್ಲಿ ಮಹಡಿ ಮನೆ ಕಟ್ಟಿಸಿ ಅಲ್ಲಿಗೆ ಹೋಗಿಯೂ ಆಗಿತ್ತು. ಅಕ್ಕನಿಗೆ ಒಂದು ಮಾತು ಹೇಳಿರಲಿಲ್ಲ. ಯಾಕೆ ಹೇಳಬೇಕು, ಸಹಿ ಹಾಕಿದ್ದಳಲ್ಲ. ಅಮ್ಮಾಜಮ್ಮ ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹಿಂತಿರುಗಿದಳು. ಆವತ್ತಿನಿಂದ, ಅಪ್ಪನ ಹೊಲ ಎಂಬುದು ಭೂಮಿಯ ಮೇಲೆ ಉಳಿದಿದ್ದರೆ ಅದು ಚಾಂಪಿಯನ್ ರೀಫ್ಸ್‌ನ ಆ ನಾಲ್ಕು ಮಂಚದ ಜಾಗದಲ್ಲಿ ಮಾತ್ರ.

ಅಷ್ಟಾದರೂ ಅವಳು ಜಗಳವಾಡಲಿಲ್ಲ. ಬಾಗಿನದ ಆಸೆ ದೊಡ್ಡದು. ಹೊಸ ಮನೆಗೆ ಹೋದ ಮೇಲೆ ಗಿರಿ ಬಾಗಿನವನ್ನು ಯಾರದಾದರೂ ಕೈಯಲ್ಲಿ ಕಳಿಸುತ್ತಿದ್ದ, ಒಂದು ವರ್ಷ ಅದೂ ಇಲ್ಲ. ಅಂಥವನು ಈ ಸಲ ಗೌರಿ ಹಬ್ಬದ ಹಿಂದಿನ ದಿನ ಕಾರಿನಲ್ಲಿ ತಾನೇ ಬಂದಿಳಿದ. ಅರಿಶಿನ ಹಚ್ಚಿದ ಹೊಸ ಮೊರ, ಅದರಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ರವಿಕೆ ಕಣ. ಅಮ್ಮಾಜಮ್ಮ ಸೆರಗೊಡ್ಡಿ ತೆಗೆದುಕೊಂಡಳು. ಅಕ್ಕಪಕ್ಕದವರು ಬಾಗಿಲಿಗೆ ಬಂದು ನೋಡುತ್ತಿದ್ದರು. ನೋಡಲಿ ಎಂದೇ ಅವಳು ಹೊರಗೆ ಸ್ವಲ್ಪ ಹೆಚ್ಚು ಹೊತ್ತು ನಿಂತಳು. ಆಮೇಲೆ ಹೊಲದಿಂದ ದಂಟು, ಬಸಳೆ, ಎಳೆ ಕೆಸು ಕಿತ್ತು ತಂದು ಮಸ್ಸೊಪ್ಪು ಮಾಡಿ, ಬಿಸಿ ಮುದ್ದೆಯ ಜೊತೆ ಬಡಿಸಿದಳು.

"ಅಮ್ಮ ಮಾಡ್ದಂಗೇ ಐತಲ್ಲಕ್ಕಾ," ಎಂದ ಗಿರಿ, ತಟ್ಟೆ ಒರೆಸಿ ಉಂಡ. ಅವಳ ಕಣ್ಣು ತುಂಬಿತು. ಎಲ್ಲ ಮರೆತಳು. ಎರಡು ಎಕರೆಯನ್ನೂ ಮರೆತಳು.

ಕೈ ತೊಳೆದು ಗಿರಿ ಕಾರಿನ ಡಿಕ್ಕಿ ತೆಗೆದ. ಮಡಚಿದ ಎರಡು ಚೀಲ, ಒಂದು ಹೊಸ ಸಲಿಕೆ.

"ರಾಧ ಮಾಳ್ಗೆ ಮೇಲೆ ಕುಂಡ ಇಟ್ಟವ್ಳೆ ಅಕ್ಕಾ. ನರ್ಸರಿ ಮಣ್ಣಾಗೆ ಒಂದೂ ಬರ್ತಿಲ್ಲ. ನಿನ್ ಅತ್ರ ಒಳ್ಳೆ ಮಣ್ಣೈತಲ್ಲ. ಎರಡು ಚೀಲ ತಕೊಂಡೋಗ್ತೀನಿ."

ಅಮ್ಮಾಜಮ್ಮ ಮೊರವನ್ನು ನೋಡಿದಳು, ಚೀಲವನ್ನು ನೋಡಿದಳು. ತಮ್ಮ ಯಾವುದಕ್ಕೆ ಬಂದಿದ್ದನೆಂದು ಆಗ ತಿಳಿಯಿತು. ಬೇಡ ಅಂದರೆ ನಾಳೆಯಿಂದ ಬಾಗಿನವಿಲ್ಲ, ತವರೆಂಬ ಮಾತೇ ಇಲ್ಲ. ಅದೂ ತಿಳಿಯಿತು. ಗಿರಿ ಆಗಲೇ ಬದನೆ ಪಾತಿಯ ಹತ್ತಿರ ಹೋಗಿ ಸಲಿಕೆ ಊರಿದ್ದ. ಅವಳು ಹೋಗಿ ಸಲಿಕೆಯ ಮೇಲೆ ಕೈಯಿಟ್ಟಳು.

"ಎಣ್ಮಕ್ಳು ಮಣ್ಣು ಒತ್ಕೊಂಡೋದ್ರೆ ಲಕ್ಷ್ಮಿ ಓಗ್ತಾಳೆ ಅಂದಿದ್ಲಲ್ಲ ನಿನ್ನೆಂಡ್ತಿ. ಗಂಡ್ಮಕ್ಳು ಒತ್ಕೊಂಡೋದ್ರೆ ಯಾರು ಓಗ್ತಾರೆ ಕೇಳ್ಕೊಂಡು ಬಾ, ಓಗು."

"ಎರಡು ಚೀಲ ಮಣ್ಣಿಗೆ ಇಷ್ಟು ಮಾತಾ ಅಕ್ಕಾ? ಅದೂ ನಮ್ಮೊಲದ್ದೇ ಮಣ್ಣು."

"ನಮ್ಮೊಲ ಇಟ್ಟಿಗೆ ಗೂಡಾಗೈತೆ, ಅಲ್ಲಿ ಓಗಿ ಕೇಳು. ಇದು ನಂದು ಕಣ್ಲಾ. ಟಿಕೆಟ್ ತಗ್ದು ತಂದಿದ್ದು. ಕೊಡಲ್ಲ."

ಗಿರಿಯ ಮುಖ ಕೆಂಪಾಯಿತು. "ನೋಡ್ಕೋ ಭಾವ," ಎಂದು ಬಾಗಿಲೊಳಗಿನ ಮಂಚದ ಕಡೆ ತಿರುಗಿದ. "ಅಬ್ಬದೊತ್ತಿಗೆ ತಮ್ಮನ್ನ ಬರಿಗೈಲಿ ಕಳಿಸ್ತವ್ಳೆ. ಇನ್ನ ನಾನು ಈ ಬಾಗ್ಲಿಗೆ ಬರಲ್ಲ." ಮುನಿಸ್ವಾಮಪ್ಪ ಕೆಮ್ಮಿದ. ಕಾರು ಹೋಯಿತು. ಬಾಗಿಲಲ್ಲಿ ನಿಂತಿದ್ದ ನೆರೆಯವರೂ ಒಳಗೆ ಹೋದರು.

ಎರಡು ಎಕರೆಗೆ ಹೇಳಬೇಕಾಗಿದ್ದ 'ಇಲ್ಲ'ವನ್ನು ಅಮ್ಮಾಜಮ್ಮ ಎರಡು ಚೀಲಕ್ಕೆ ಹೇಳಿದ್ದಳು. ಗೆದ್ದೆ ಅನ್ನಿಸಲಿಲ್ಲ. ಸಿಟ್ಟು ಬಂದಿತ್ತು, ಅದೂ ತಮ್ಮನ ಮೇಲಲ್ಲ, ತನ್ನ ಮೇಲೇ.

"ಈ ಮಾತು ಆವತ್ತು ಆಪೀಸಾಗೆ ಆಡಿದ್ರೆ ಒಲ ಉಳೀತಿತ್ತಲ್ಲ ಅಮ್ಮಾಜಿ," ಎಂದ ಮುನಿಸ್ವಾಮಪ್ಪ, ಮೆಲ್ಲಗೆ.

"ಆವತ್ತು ನಂಗೆ ತವರು ಬೇಕಾಗಿತ್ತು."

ಅವಳು ಬಾಗಿನದ ಅಕ್ಕಿಯನ್ನು ಡಬ್ಬಕ್ಕೆ ಸುರಿದಳು, ಬಳೆಯನ್ನು ಗೂಡಿನಲ್ಲಿಟ್ಟಳು. ಖಾಲಿ ಮೊರ ಹಿಡಿದು ಹೊರಗೆ ಬಂದು ಗೊಬ್ಬರದ ಗುಡ್ಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಬಾಗಿನದ ಮೊರದಲ್ಲಿ ಗೊಬ್ಬರ ಕೇರಬಾರದು, ಯಾವ ಹೆಂಗಸಿಗೂ ಅದು ಗೊತ್ತು. ಅವಳು ಎರಡು ಬೊಗಸೆ ತುಂಬಿ ಹಾಕಿಕೊಂಡು, ಕಲ್ಲು ಕಡ್ಡಿ ಬೇರೆ ಮಾಡುತ್ತ ಕತ್ತಲಾಗುವ ತನಕ ಕೇರಿದಳು.