ಗಾಳಿಯ ಮೇಲೆ ಹೊರಿಸಿದ ತಪ್ಪು

ನಾನು ಓದು ನಿಲ್ಲಿಸಿದ್ದು ೧೯೩೬ರಲ್ಲಿ. ಅಪ್ಪ ತೀರಿಕೊಂಡಿದ್ದರು, ಗಾಡಿ ಇತ್ತು, ಎತ್ತು ಇದ್ದವು, ಹೊಡೆಯುವವರಿರಲಿಲ್ಲ. ಮೊನ್ನೆ ಮಧುಗಿರಿ ಸಂತೆಯಲ್ಲಿ ಯಾರೋ ಹೊಸ ತೊಗಲಿಗೆ ಹರಳೆಣ್ಣೆ ತಿಕ್ಕುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಮಾವ ನೆನಪಾದ.

ನನಗೆ ಗಾಡಿ ಕಸುಬು ಕಲಿಸಿದವನು ಅವನೇ. ವೈ.ಎನ್.ಹೊಸಕೋಟೆಯಿಂದ ಮಧುಗಿರಿಗೆ ಕಡಲೆಕಾಯಿ ಮೂಟೆ ಹೇರುತ್ತಿದ್ದೆವು. ನಮ್ಮ ಗಾಡಿಯವರಲ್ಲಿ ಒಂದು ಕಟ್ಟು: ಬಾರುಕೋಲು ಎತ್ತಿನ ಮೈ ಮುಟ್ಟಬಾರದು, ಗಾಳಿಗೆ ಹೊಡೆದು ಸದ್ದು ಮಾಡಬೇಕು. ಮಾವನ ಬಾರುಕೋಲು ಛಟೀರ್ ಎಂದರೆ ತೂಕಡಿಸುತ್ತಿದ್ದ ಹಿಂದಿನ ಗಾಡಿಯವರು ಎದ್ದು ಕೂರುತ್ತಿದ್ದರು. ಅದರ ತೊಗಲಿಗೆ ಹರಳೆಣ್ಣೆ ತಿಕ್ಕಿ, ತುದಿಗೆ ಕತ್ತಾಳೆ ನಾರು ಕಟ್ಟಿ, ಒಂದು ಎಳೆಯೂ ಎದ್ದು ನಿಲ್ಲದಂತೆ ಹೊಸೆಯುತ್ತಿದ್ದ. ಬೀಸಿದ ತೊಗಲಿಗೆ ಗಾಳಿ ಅಂಟಿಕೊಂಡು ಬರುತ್ತದಂತೆ. ಎಳೆ ಎದ್ದಿದ್ದರೆ ಆ ಗಾಳಿ ನಡುವೆಯೇ ಕಿತ್ತುಕೊಂಡು ಹೋಗುತ್ತದಂತೆ, ಆಗ ತುದಿ ಹೇಳಿದ ಕಡೆ ಹೋಗುವುದಿಲ್ಲವಂತೆ.

“ಸದ್ದು ನಿನ್ ಕಿವಿಗ್ ಬೀಳೋ ಹೊತ್ಗೆ ತುದಿ ಬಂದು ಹೋಗಿರ್ತದೆ ಕಣ್ಲಾ. ಸದ್ದಿಗಿಂತ ಬೇಗ ಓಡ್ತದೆ ಅದು,” ಎನ್ನುತ್ತಿದ್ದ. ನಾನು ಬಾಯಿಬಿಟ್ಟು ಕೇಳುತ್ತಿದ್ದೆ. ಶಾಲೆ ಬಿಟ್ಟ ಸಂಕಟ ಆ ಮಾತಿನಲ್ಲಿ ಮರೆತುಹೋಗುತ್ತಿತ್ತು…

ಒಂದು ಸಲ ದಾರಿಯಲ್ಲಿ ಗಾಡಿ ಬಿಟ್ಟಿದ್ದಾಗ ಶಿರಾದ ವ್ಯಾಪಾರಿಗಳು ಸಿಕ್ಕರು. ಅವರ ಮುಂದೆ ಮಾವನಿಗೆ ಹುರುಪು ಬಂತು. ಎತ್ತಿನ ಕಿವಿಯ ಮೇಲಿನ ನೊಣ ಹಾರಿಸುತ್ತೇನೆ, ಒಂದು ಕೂದಲೂ ಅಲುಗುವುದಿಲ್ಲ ಎಂದ. ಅದಕ್ಕೆ ತನ್ನ ಎತ್ತನ್ನು ನಿಲ್ಲಿಸಲಿಲ್ಲ. ನನ್ನ ಬಿಳಿ ಎತ್ತನ್ನು ಎಳೆದು ತಂದ. ನಾರು ಮೂಟೆಗೆ ಉಜ್ಜಿ ಕೆದರಿದೆ, ಬೇಡ ಮಾವ ಎಂದೆ.

“ನಂಗೇ ಯೇಳ್ಕೊಡ್ತೀಯೇನ್ಲಾ?” ಎಂದು ನಕ್ಕ. ವ್ಯಾಪಾರಿಗಳೂ ನಕ್ಕರು.

ಛಟೀರ್ ಎಂದಿತು. ಎತ್ತು ಮೊಣಕಾಲೂರಿತು. ಅದರ ಎಡಗಣ್ಣು ಒಡೆದು ಇಳಿಯುತ್ತಿತ್ತು.

ಮಾವ ಎತ್ತಿನ ಮುಖ ನೋಡಲಿಲ್ಲ, ಬಾರುಕೋಲಿನ ತುದಿ ನೋಡಿಕೊಂಡ. “ಗಾಳಿ ಕೈಕೊಡ್ತು, ಬುಡ್ಲಾ. ನಂದೇನೈತೆ ತಪ್ಪು?” ಅಷ್ಟು ಹೇಳಿ ವ್ಯಾಪಾರಿಗಳು ಕೊಟ್ಟ ಎಲೆಯಡಿಕೆ ಬಾಯಿಗೆ ಹಾಕಿಕೊಂಡ. ಆ ಜಗಿಯುವ ಬಾಯಿ ನೋಡಿ ಹುಟ್ಟಿದ ಹೇಸಿಗೆ ಇವತ್ತಿಗೂ ಹೋಗಿಲ್ಲ. ಗಾಳಿಯ ಗುಣ ತಿಳಿಯದವನು ಹಾಗೆಂದಿದ್ದರೆ ಸಹಿಸುತ್ತಿದ್ದೆನೋ ಏನೋ…

ಮಾವ ಸತ್ತಾಗ ಹೋಗಿ ಮಣ್ಣು ಹಾಕಿ ಬಂದೆ, ಕಸುಬು ಕಲಿಸಿದ ಋಣಕ್ಕೆ. ಅಳು ಬರಲಿಲ್ಲ. ಒಕ್ಕಣ್ಣಿನ ಎತ್ತನ್ನು ಕಟುಕರಿಗೆ ಮಾರು ಎಂದವರಿದ್ದರು. ಮಾರದೆ ಸಾಕಿದೆ. ಅದನ್ನು ಹೊಲದ ಬದುವಿನಲ್ಲಿ ಹೂತ ದಿನ ಮಾತ್ರ ಕೂತು ಅತ್ತೆ…

ಈಗ ನನಗೆ ಆರು ಎಕರೆ ಹೊಲವಿದೆ, ಸ್ವಂತ ದುಡಿಮೆಯದು. ಒಂದು ಬಾವಿ. ಎರಡು ಗಾಡಿ. ನಾಲ್ಕು ಎತ್ತು, ಎಂಟು ಕಣ್ಣು.