ಕೌದಿ ಪೆಟ್ಟಿಗೆಯೊಳಗಿನ ಕೇರೆಹಾವು

ಹಾವು ಎಲ್ಲಿಗೂ ಓಡಿಹೋಗಿರಲಿಲ್ಲ. ಸಾಲಿ ಕಲಿಸುವ ಅಕ್ಕೋರ ಖೋಲಿಯಿಂದ ನನ್ನ ಕೌದಿ ಪೆಟ್ಟಿಗೆಯವರೆಗೆ ಬಂದಿತ್ತು, ಹದಿನೈದು ಹೆಜ್ಜೆ. ನಾಲ್ಕು ದಿನ ಅದು ಸಿಗದಂತೆ ಮಾಡಿದವಳು ನಾನು. ಎದುರುಮನೆಯಾಕೆ ಇವತ್ತಿಗೂ ಅದನ್ನು ದೇವರ ಆಟ ಅನ್ನುತ್ತಾಳೆ. ದೇವರಿಗೇನು ಬೇರೆ ಕೆಲಸವಿಲ್ಲವೇ?

ಮುದ್ದೇಬಿಹಾಳದ ಈ ಮನೆಯಲ್ಲಿ ನಾನೊಬ್ಬಳೇ ಇರುತ್ತೇನೆ. ಮಗ, ಸೊಸೆ, ಮೊಮ್ಮಕ್ಕಳು ಬಸವನ ಬಾಗೇವಾಡಿಯಲ್ಲಿದ್ದಾರೆ. ಸೊಸೆಗೂ ನನಗೂ ಒಂದೇ ಒಲೆ ಆಗಿಬರಲಿಲ್ಲ. ಬಾಯಿ ಇಬ್ಬರದೂ ದೊಡ್ಡದು. ನಾನೇ ಎದ್ದು ಬಂದೆ. ತವರಿಗೆ ಹೋಗೋಣವೆಂದರೆ ಹಳೆಯ ಕೊಲ್ಹಾರ ಅಣೆಕಟ್ಟಿನ ನೀರಿನಡಿ ಇದೆ. ಬಂದದ್ದು ತಪ್ಪಾಯಿತೆಂದು ಯಾರ ಮುಂದೂ ಹೇಳಿಲ್ಲ.

ಹೊರಗಿನ ಖೋಲಿಯಲ್ಲಿ ಎರಡು ವರ್ಷದಿಂದ ಸಾಲಿಯಲ್ಲಿ ವಿಜ್ಞಾನ ಕಲಿಸುವ ಅಕ್ಕೋರು ಬಾಡಿಗೆಗಿದ್ದಳು. ಮದುವೆಯಾಗಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಯಾರದೋ ಹೊಲದಲ್ಲಿ ಟ್ರ್ಯಾಕ್ಟರಿನ ನೇಗಿಲು ತಾಗಿ ಬೆನ್ನು ಸೀಳಿದ್ದ ಕೇರೆಹಾವನ್ನು ಒಂದು ದಿನ ಚೀಲದಲ್ಲಿ ಹಾಕಿಕೊಂಡು ಬಂದಳು.

"ವಿಷ ಇಲ್ರಿ ಆಯಿ. ಗಾಯ ಮಾಯ್ದ ಮ್ಯಾಲೆ ಹಳ್ಳಕ್ಕ ಬಿಟ್ಟು ಬರ್ತೇನಿ."

ಗಾಯ ಮಾಯಿತು, ಹಾವು ಉಳಿಯಿತು. ಜಾಳಿಗೆ ಮುಚ್ಚಳದ ದೊಡ್ಡ ಡಬ್ಬಿಯಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿರುತ್ತಿತ್ತು. ಅದಕ್ಕೆ ಉಣಿಸುವ ಕೆಲಸ ನನಗೆ ಬಂತು, ಯಾಕೆಂದರೆ ಇಲಿಗಳಿದ್ದದ್ದು ನನ್ನ ಜೋಳದ ಚೀಲಗಳಲ್ಲಿ. ಬೋನಿಗೆ ಇಲಿ ಬಿದ್ದ ದಿನ ಮುಂಜಾನೆ ಹೋಗಿ ಆಕೆಯ ಬಾಗಿಲು ತಟ್ಟುತ್ತಿದ್ದೆ.

"ಅಕ್ಕೋರ, ನಿಮ್ಮ ಕೂಸಿನ ನಾಷ್ಟಾ ಬಂತು ನೋಡ್ರಿ."

"ನನಗ ಚಾ ಇಲ್ಲೇನ್ರಿ ಆಯಿ? ಬರೇ ಕೂಸಿಗೆ ಅಷ್ಟ?"

ಇಲಿ ಬೀಳದ ದಿನ ಬಾಗಿಲು ತಟ್ಟಲು ನೆವ ಇರುತ್ತಿರಲಿಲ್ಲ. ಆಕೆ ಸಾಲಿಗೆ ಹೋಗುವಳು, ನಾನು ಕೌದಿ ಹೊಲಿಯುತ್ತ ಕೂರುವೆ. ಸಂಜೆಯಾದಾಗ ನೆನಪಾಗುವುದು, ಇವತ್ತು ನಾನು ಬಾಯೇ ತೆರೆದಿಲ್ಲ.

ಆಮೇಲೆ ಆಕೆಗೆ ಇಂಡಿ ಕಡೆಗೆ ವರ್ಗವಾಯಿತು. ಸಾಮಾನು ಕಟ್ಟಿದಳು. ಹಾವನ್ನು ಹಳ್ಳಕ್ಕೆ ಬಿಟ್ಟು ಮಧ್ಯಾಹ್ನದ ಬಸ್ಸಿಗೆ ಹೊರಡುವುದೆಂದು ಮಾತಾಗಿತ್ತು. ಆ ಮುಂಜಾನೆ ನೋಡಿದರೆ ಡಬ್ಬಿಯ ಮುಚ್ಚಳ ಸರಿದಿದೆ, ಹಾವಿಲ್ಲ.

ಆಕೆ ಕಟ್ಟಿದ ಗಂಟೆಲ್ಲ ಬಿಚ್ಚಿ ಕೊಡವುತ್ತಿದ್ದಾಗ ನಾನು ಒಳಗೆ ಬಂದೆ. ನನ್ನ ಕೌದಿ ಪೆಟ್ಟಿಗೆಯ ಒಂದು ಮೂಲೆಯನ್ನು ಇಲಿಗಳು ಕೊರೆದು ತೂತು ಮಾಡಿವೆ. ಮುಚ್ಚಳ ಎತ್ತಿದೆ. ಹಸಿರು ಅಂಚಿನ ಕೌದಿಯ ಮಡಿಕೆಯಲ್ಲಿ ಬೆನ್ನಿನ ಗಾಯದ ಗುರುತು ಕಂಡಿತು. ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಹೊರಗಿನಿಂದ ಆಕೆಯ ದನಿ ಬಂತು:

"ಹಾವು ಸಿಗೂತನಕ ನಾ ಹೋಗೂದಿಲ್ರಿ ಆಯಿ. ಅದನ್ನ ಮನ್ಯಾಗ ಬಿಟ್ಟು ನಿಮ್ಮನ್ನ ಒಬ್ರನ್ನ ಹೆಂಗ ಬಿಟ್ಟು ಹೋಗ್ಲಿ?"

ಬಾಯಿ ಮುಚ್ಚಿದೆ. ಪೆಟ್ಟಿಗೆಯನ್ನೂ ಮುಚ್ಚಿದೆ. ತೂತಿಗೆ ಹಳೆಯ ಅರಿವೆ ತುರುಕಿದೆ.

"ಪೆಟಗಿ ನೋಡೀರೇನ್ರಿ?" ಎಂದು ಆಕೆ ಕೇಳಿದಾಗ, "ಕೌದಿ ಎಲ್ಲಾ ಝಾಡಿಸೇನಿ, ಇಲ್ಲ," ಎಂದು ಅದರ ಮೇಲೆಯೇ ಕೂತೆ.

ನಾಲ್ಕು ದಿನ ಆಕೆ ತನ್ನ ತಾಟು ತಂದು ನನ್ನ ಒಲೆಯ ಮುಂದೆ ಉಂಡಳು. ನಾನು ರೊಟ್ಟಿ ಬಡಿಯುವಾಗ ಎದುರಿಗೆ ಕೂತು ಬದನೆಕಾಯಿ ಹೆಚ್ಚಿದಳು. ಎದುರುಮನೆಯಾಕೆ ಬಾಗಿಲಲ್ಲೇ ನಿಂತು, "ಏನಬೇ, ಹಾವಿಗೂ ಖೋಲಿ ಬಾಡಿಗಿ ಕೊಟ್ಟಿಯೇನು?" ಎಂದು ನಗುತ್ತಿದ್ದಳು. ಮನೆಯಲ್ಲಿ ಇಷ್ಟು ಮಾತು ನಡೆದು ವರ್ಷಗಳಾಗಿದ್ದವು. ಎರಡನೆಯ ದಿನ ಬೋನಿಗೆ ದೊಡ್ಡ ಇಲಿ ಬಿತ್ತು. ಆಕೆ ಸ್ನಾನಕ್ಕೆ ಹೋದಾಗ ಅದನ್ನು ಪೆಟ್ಟಿಗೆಯೊಳಗೆ ಬಿಟ್ಟೆ. ನನ್ನ ಸಲುವಾಗಿ ಅದು ಉಪವಾಸ ಯಾಕೆ ಇರಬೇಕು?

ನಾಲ್ಕನೆಯ ದಿನ ಆಕೆಗೆ ಹೊಸ ಸಾಲಿಯಿಂದ ಫೋನು ಬಂತು. ನಾಳೆ ಹಾಜರಾಗದಿದ್ದರೆ ಮೇಲಕ್ಕೆ ಬರೆಯುತ್ತಾರಂತೆ. "ಮನಿಯಾಗ ತೊಂದರಿ ಐತ್ರಿ ಸರ, ವಯಸ್ಸಾದವರು ಅದಾರ್ರಿ," ಎಂದು ಆಕೆ ಅಂಗಲಾಚುತ್ತಿದ್ದಳು. ಆ ತೊಂದರೆ ಪೆಟ್ಟಿಗೆಯ ಮೇಲೆ ಕೂತು ಕೇಳುತ್ತಿತ್ತು.

ಎದ್ದೆ. ಅರಿವೆ ಕಿತ್ತು ಸೆರಗಿನಲ್ಲಿ ಮುಚ್ಚಿಕೊಂಡು, "ಬರ್ರಿ ಅಕ್ಕೋರ, ಇಲ್ಲೇ ಐತಿ. ಈಗ ಬಂದೈತಿ ನೋಡ್ರಿ," ಎಂದೆ.

ಆಕೆ ಕೌದಿ ಬಿಚ್ಚಿದಳು. ಹಾವಿನ ನಡುವಿನಲ್ಲಿ ಗಂಟು ಎದ್ದಿತ್ತು, ಇಲಿಯಷ್ಟು ದಪ್ಪ. ಆಕೆ ಗಂಟನ್ನು ನೋಡಿದಳು. ನನ್ನ ಸೆರಗಿನಿಂದ ಇಳಿಬಿದ್ದ ಅರಿವೆಯ ತುದಿಯನ್ನೂ ನೋಡಿದಳು.

"ನಾಷ್ಟಾ ಆಗೇತಲ್ರಿ ಇದರದು."

ನಾನು ಅರಿವೆಯ ತುದಿಯನ್ನು ಸೆರಗಿನೊಳಗೆ ತಳ್ಳಿದೆ.

"ಯಾಕ್ರಿ ಆಯಿ?"

"ಜ್ವಾಳದಾಗ ಇಲಿ ಭಾಳ ಆಗ್ಯಾವು."

ಆಕೆ ಬಯ್ಯಲಿಲ್ಲ. ಬಯ್ದಿದ್ದರೆ ನಾನೂ ತಿರುಗಿ ಬಯ್ಯುತ್ತಿದ್ದೆ, ಅದು ನನಗೆ ಬರುತ್ತದೆ. ಕೌದಿಯನ್ನು ಮತ್ತೆ ಹಾಗೆಯೇ ಮಡಿಚಿ ಮುಚ್ಚಳ ಹಾಕಿ, ನನ್ನ ಸೆರಗಿನಿಂದ ಅರಿವೆ ಎಳೆದುಕೊಂಡು ತೂತಿಗೆ ತುರುಕಿ, "ಉಂಡ ಹಾವನ್ನ ಇನ್ನೆರಡು ದಿನ ಅಲುಗಾಡಿಸಬಾರದ್ರಿ, ಕಾರಿಕೊಳ್ತೈತಿ. ಆಮ್ಯಾಲೆ ನೀವ ಪೆಟಗಿ ಹಿತ್ತಲಕ್ಕ ಎಳದು ತೆರದು ಬಿಡ್ರಿ. ತಾನ ಹೋಗ್ತೈತಿ," ಎಂದಳು. ಸಂಜೆಯ ಬಸ್ಸಿಗೆ ಹೋದಳು. ಹೋಗುವಾಗ ಕಾಲಿಗೆ ಬಿದ್ದಳು. ಅದು ಬೇಕಿರಲಿಲ್ಲ.

ಮರುದಿನ ಮುಂಜಾನೆ ಬೋನಿಗೆ ಇಲಿ ಬಿದ್ದಿತ್ತು. ತೆಗೆದುಕೊಂಡು ಹೋಗಿ ಹೊರಗಿನ ಖೋಲಿಯ ಬಾಗಿಲು ತಟ್ಟಿದೆ. ತಟ್ಟಿದ ಮೇಲೆ ಬೀಗ ಕಂಡಿತು. ಇಲಿಯನ್ನು ಹಿತ್ತಲ ಬೇಲಿಯಾಚೆ ಬಿಟ್ಟು ಬಂದು, ತೂತಿಗೆ ಅರಿವೆ ಸರಿಯಾಗಿದೆಯೇ ಎಂದು ನೋಡಿ, ಸೂಜಿಗೆ ದಾರ ಪೋಣಿಸಿಕೊಂಡು ಪೆಟ್ಟಿಗೆಯ ಪಕ್ಕದಲ್ಲಿ ಕೂತೆ. ಇನ್ನೂ ಒಂದು ದಿನ ಇತ್ತು.